‘ಅಳ್ಳಾಡದ’ ಕಯಾಕ್ ಮಾರಿದ ಕಥೆ

ಗೋವಾದ ಒಂದು ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಅಂಗಡಿಯಲ್ಲಿ ಮಾರಾಟ ನೋಡಿಕೊಳ್ಳುತ್ತೇನೆ. ಊರು ಅಂಕೋಲಾ. ವಾಸ್ಕೋದಲ್ಲಿ ನೆಲೆಸಿದ ಹುಬ್ಬಳ್ಳಿಯ ಕಾಕಾ ಒಬ್ಬರು ಬಂದು, “ತಮ್ಮಾ, ನಿಂತು ಗಾಳ ಒಗೀಬೇಕು. ಅಳ್ಳಾಡದಂಥಾದ್ದು ಕೊಡು” ಅಂದರು. ಟೇಪ್ ಹಿಡಿದು ತೋರಿಸಿದೆ: 36 ಇಂಚು ಅಗಲ, ಚಪ್ಪಟೆ ತಳ. ಅಂಗಡಿ ಹಿಂದಿನ ನಿಂತ ನೀರಲ್ಲಿ ಹತ್ತಿಸಿದೆ. ಎದ್ದು ನಿಂತರು, ಹೆಜ್ಜೆ ಬದಲಿಸಿದರು, ಕಯಾಕ್ ಮಿಸುಕಲಿಲ್ಲ. ಬಿಲ್ ಆಯಿತು.

ಎರಡು ವಾರಕ್ಕೆ ಫೋನ್. ರಿಬಂದರ್‌ನಿಂದ ಚೋಡಣ ದ್ವೀಪದ ಕಡೆ ಹೋಗಿ ಮಾಂಡವಿ ನದಿಯಲ್ಲಿ ನಿಂತಿದ್ದಾರೆ, ಸರಕಿನ ಬಾರ್ಜ್ ಒಂದು ದಾಟಿದೆ, ಅದರ ಅಲೆ ಅಡ್ಡಕ್ಕೆ ಬಡಿದಿದೆ. “ನೀ ಹೇಳಿದಂಗ ಅಳ್ಳಾಡಲೇ ಇಲ್ಲಪ್ಪಾ. ಸೀದಾ ಬೋರಲಾತು!” ಲೈಫ್ ಜಾಕೆಟ್ ಇತ್ತು, ಬಚಾವ್. ಗಾಳದ ರಾಡ್ ಹೋಯಿತು.

ತಪ್ಪು ನನ್ನದೇ. ಚಪ್ಪಟೆ ತಳ ನೀರಿಗೆ ಅಂಟಿಕೊಂಡಂತೆ ಇರುತ್ತದೆ. ನೀರು ಸಮ ಇದ್ದರೆ ಅದೂ ಸಮ, ನೀರು ಓರೆಯಾದರೆ ಅದೂ ಓರೆ. ಒಂದು ಹಂತದವರೆಗೆ ಗಟ್ಟಿ, ಆಮೇಲೆ ಎಚ್ಚರಿಕೆ ಕೊಡದೆ ಮಗುಚುತ್ತದೆ. ನಮ್ಮೂರ ಪಾತಿ ದೋಣಿ ಇದಕ್ಕೆ ಪೂರಾ ಉಲ್ಟಾ. ಹತ್ತಿದ ಕೂಡಲೇ ತೂಗಾಡುತ್ತದೆ, ಆದರೂ ಅಪ್ಪ ಅದರಲ್ಲೇ ನಿಂತು ಬೀಸುಬಲೆ ಬೀಸುತ್ತಿದ್ದ. ಅದು ನೋಡಿ ಬೆಳೆದವನಿಗೆ ಅಂಗಡಿಯಲ್ಲಿ ಇಂಚು ಮಾತ್ರ ನೆನಪಾಯಿತು.

ಭಾರದ ಲೆಕ್ಕವೂ ತಪ್ಪಿತ್ತು. ಕಯಾಕ್ ಹೊರುವ ಭಾರ ಚೀಟಿಯಲ್ಲಿ 160 ಕಿಲೋ ಅಂತಿತ್ತು, ಕಾಕಾ 90, ಸಾಕಲ್ಲ ಅಂದುಕೊಂಡೆ. ಐಸ್ ಪೆಟ್ಟಿಗೆ, ಬ್ಯಾಟರಿ, ಲಂಗರು, ನೀರಿನ ಕ್ಯಾನ್ ಸೇರಿ ಅಂಚು ನೀರಿನ ಹತ್ತಿರ ಬಂದಿತ್ತು. ಈಗ ನಿಲ್ಲುವವರಿಗೆ ಸಾಮಾನು ಸಮೇತ ಚೀಟಿಯ ಮೂರನೇ ಎರಡರಷ್ಟೇ ಲೆಕ್ಕ ಹಿಡಿಯುತ್ತೇನೆ.

ಕಾಕಾಗೆ ಬದಲಿಸಿ ಕೊಟ್ಟದ್ದು 34 ಇಂಚಿನದು. ತಳದ ಎರಡೂ ಬದಿಗೆ ಉಬ್ಬು, ನಡುವೆ ಓಣಿ. ಒಂದು ಕಡೆ ವಾಲಿದರೆ ಆ ಬದಿಯ ಉಬ್ಬು ಮುಳುಗುತ್ತ ಮೇಲಕ್ಕೆ ಒತ್ತುತ್ತದೆ. ಸೀಟು ಮೇಲೆ ಕೆಳಗೆ ಮಾಡಬಹುದು: ಎದ್ದೇಳಲು ಮೇಲಿನದು ಹಗುರ, ಅಲೆ ಇದ್ದಾಗ ಕೆಳಗಿನದೇ ಸರಿ. ಇನ್ನೂ ಅಗಲದ್ದೂ ಇವೆ, ಆದರೆ ಮಧ್ಯಾಹ್ನ ಪಡುವಣ ಗಾಳಿ ಎದ್ದ ಮೇಲೆ ಅದನ್ನು ಹುಟ್ಟು ಹಾಕಿ ಪಣಜಿ ಕಡೆ ತರುವುದು ತೋಳಿಗೆ ಶಿಕ್ಷೆ. ಒಬ್ಬರೇ ಕಾರಿನ ಮೇಲೆ ಏರಿಸುವುದಂತೂ ದೂರದ ಮಾತು.

ಈಗ ಗಿರಾಕಿ ಜಾಕೆಟ್ ಹಾಕಿ ನಿಂತಾಗ ನಾನು ಸೊಂಟಮಟ್ಟ ನೀರಿಗಿಳಿದು ಪಕ್ಕದಿಂದ ತೂಗುತ್ತೇನೆ. ಸಾಮಾನಿನ ಬದಲು ನೀರು ತುಂಬಿದ ಕ್ಯಾನ್ ಇಡುತ್ತೇನೆ. ಹಿಂದೆ ತಿರುಗಿ ನೋಡಿ, ಕಾಲ ಬಳಿಯದು ಬಗ್ಗಿ ಎತ್ತಿ ಅನ್ನುತ್ತೇನೆ. ಬೀಳುವುದು ಬಹುಪಾಲು ಅಲ್ಲೇ. ಒಬ್ಬರು ಬಿದ್ದು, ಏನೂ ಕೊಳ್ಳದೆ ಹೊರಟುಹೋದರು. ಮಾಲೀಕರ ಮುಖ ನೋಡಬೇಕಿತ್ತು.

ಯಾಕೆ ನಿಲ್ಲಬೇಕು ಅಂತಲೂ ಕೇಳುತ್ತೇನೆ. ಫ್ಲೋರಿಡಾದ ತಿಳಿನೀರಿನಲ್ಲಿ ನಿಂತವರಿಗೆ ಮೀನು ಕಾಣುತ್ತದೆ. ನಮ್ಮ ಕೆಸರು ನೀರಲ್ಲಿ ಕಾಣುವುದು ಅಷ್ಟಕ್ಕಷ್ಟೇ, ಕಾಂಡ್ಲಾ ಗಿಡದ (ಮ್ಯಾಂಗ್ರೋವ್) ಬೇರಿನ ಸಂದಿಗೆ ಚೊಣಕ್ ಮೀನಿಗೆ ಗಾಳ ಎಸೆಯಲು ಮಾತ್ರ ಕೈ ಚೆನ್ನಾಗಿ ಆಡುತ್ತದೆ. ಕಾಕಾ ಹೇಳಿದ ಕಾರಣ ಬೇರೆಯೇ: “ತಾಸುಗಟ್ಟಲೆ ಕುಂತರ ಸೊಂಟ ಹಿಡೀತೈತೋ.”

ಹೊಸದರಲ್ಲಿ ನಿಂತು ನೋಡಿದರು. “ಇದು ಅಳ್ಳಾಡತೈತಲ್ಲೋ?”

“ಸ್ವಲ್ಪ ಆಡ್ತದೆ ಕಾಕಾ.”

“ಆತು. ಆ ರಾಡಿನ ರೊಕ್ಕ ಯಾರು ಕೊಡಾವ್ರು?”

ಅರ್ಧ ನಾನೇ ಕೊಟ್ಟೆ.