ಓದಿದವರು ಯಾರು?

ಚಿತ್ರದುರ್ಗದ ನಮ್ಮ ಕಾಲೇಜಿಗೆ ನಾನು ಸೇರಿದ್ದು 2021ರಲ್ಲಿ, ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚಿಗೆ. ಮೇಜರ್ ಕಂಪ್ಯೂಟರ್ ಸೈನ್ಸ್. ಆಮೇಲೆ ಮೈನರ್ ಆರಿಸುವಾಗ ಡಿಜಿಟಲ್ ಹ್ಯುಮ್ಯಾನಿಟೀಸ್ ಅಂತ ಬರೆದುಕೊಟ್ಟೆ; ಅಂದರೆ ಸಾಹಿತ್ಯ, ಇತಿಹಾಸವನ್ನು ಕಂಪ್ಯೂಟರ್ ಹಿಡಿದು ಓದುವ ವಿಷಯ. ದೊಡ್ಡ ಕಾರಣವೇನೂ ಇಲ್ಲ. ಆ ಕ್ಲಾಸು ಬೇಗ ಮುಗಿಯುತ್ತಿತ್ತು, ಚಳ್ಳಕೆರೆ ಬಸ್ಸಿನಲ್ಲಿ ಸೀಟು ಸಿಗುತ್ತಿತ್ತು. "ಅದನ್ನು ಓದಿದರೆ ಕೆಲಸ ಸಿಗುತ್ತಾ?" ಅಂತ ಅಪ್ಪ ಕೇಳಿದರು. ಸುಮ್ನೆ ತಲೆಯಾಡಿಸಿದ್ದೆ.

ಮೊದಲ ದಿನ ಮೇಡಂ ರಾಬರ್ಟೊ ಬುಸಾ ಎಂಬ ಇಟಲಿಯ ಪಾದ್ರಿಯ ಕಥೆ ಹೇಳಿದರು. ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸನ ಬರಹದ ಒಂದೊಂದು ಪದವನ್ನೂ ಪಂಚ್ ಕಾರ್ಡಿಗೆ, ಅಂದರೆ ಯಂತ್ರ ಓದುವ ತೂತಿನ ರಟ್ಟಿಗೆ, ಇಳಿಸಲು ಅವರು 1949ರಲ್ಲಿ ಐಬಿಎಂ ಕಂಪನಿಯ ನೆರವು ಕೇಳಿದರು. ಕೆಲಸ ಮುಗಿಯಲು ಸುಮಾರು 30 ವರ್ಷ ಹಿಡಿಯಿತು, 56 ಸಂಪುಟ ಆಯಿತು. ನಮಗಿದ್ದದ್ದು ಒಂದು ಸೆಮಿಸ್ಟರ್!

ನಾವು ವಚನಗಳ ಪದ ಎಣಿಸಲು ಕೂತೆವು. ಮನೆ, ಮನೆಗೆ, ಮನೆಯಿಂದ, ಮನೆಯೊಳಗೆ ಎಲ್ಲವೂ ಕಂಪ್ಯೂಟರಿಗೆ ಬೇರೆ ಬೇರೆ ಪದ. ಹಳೆಯ ನುಡಿ ಫಾಂಟಿನ ಫೈಲುಗಳದ್ದು ಇನ್ನೊಂದು ಗೋಳು. ಅವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ, ಬದಲಿಸಬೇಕಿತ್ತು. ಅರ್ಕಾವತ್ತು ಕಣ್ಣಿಗೆ ಅಕ್ಷರದ ಬಲಕ್ಕೆ ಕಾಣುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನಾನು ಬರೆದ ಪ್ರೋಗ್ರಾಮಿಗೆ ಅದು ಗೊತ್ತಿರಲಿಲ್ಲ. ಧರ್ಮ ಇದ್ದಲ್ಲೆಲ್ಲ 'ಧಮರ್' ಆಯಿತು. ಇಡೀ ಕ್ಲಾಸು ನನ್ನನ್ನು ಒಂದು ವರ್ಷ ಧಮರ್ ಅಂತಲೇ ಕರೆಯಿತು.

ಆದರೆ ಜಾಸ್ತಿ ನೆನಪಿರುವುದು ಕೊನೆಯ ವರ್ಷದ ಪ್ರಾಜೆಕ್ಟ್. ಜಿಲ್ಲೆಯ ಶಾಸನಗಳ ಪಟ್ಟಿ ಮಾಡಬೇಕಿತ್ತು. ನನ್ನ ಪಾಲಿಗೆ ಚಂದ್ರವಳ್ಳಿಯ ಮಯೂರಶರ್ಮನ ಶಾಸನ ಬಂತು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಬರೀ ಮೂರು ಸಾಲು. ಎಂ.ಎಚ್. ಕೃಷ್ಣ ಅವರು 1929ರ ಮೈಸೂರು ಪುರಾತತ್ವ ವರದಿಯಲ್ಲಿ ಕೊಟ್ಟ ಪಾಠದಲ್ಲಿ, ಅಂದರೆ ಅವರು ಓದಿದ ಪ್ರಕಾರ, ಪಲ್ಲವ, ಆಭೀರ, ಪುನ್ನಾಟ ಅಂತ ಮಯೂರಶರ್ಮನಿಗೆ ಸೋತವರ ಉದ್ದ ಸಾಲೇ ಇದೆ. 'ಗೆದ್ದ ರಾಜ್ಯಗಳು' ಅನ್ನುವ ಕಾಲಂ ಮಾಡಿ ಖುಷಿಯಿಂದ ತುಂಬಿಸಿದೆ.

ಮೇಡಂ ನೋಡಿದರು, ಏನೂ ಹೇಳಲಿಲ್ಲ. ಶನಿವಾರ ನಮ್ಮನ್ನೆಲ್ಲ ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ ಭೈರವೇಶ್ವರ ಗುಡಿಯ ಹತ್ತಿರದ ಆ ಬಂಡೆಯ ಮುಂದೆ ನಿಲ್ಲಿಸಿದರು. "ಓದಿ" ಅಂದರು. ನಮಗೆ ಕಂಡದ್ದು ಗೀರುಗಳು. ಯಾವುದು ಅಕ್ಷರ, ಯಾವುದು ಬಂಡೆಯ ಬಿರುಕು ಅಂತಲೇ ತಿಳಿಯಲಿಲ್ಲ. ಆಗ ಹೇಳಿದರು: ಆಮೇಲೆ ಬಂದ ವಿದ್ವಾಂಸರು ಇದೇ ಸಾಲುಗಳನ್ನು ಬೇರೆ ಥರ ಓದಿದ್ದಾರೆ, ಆ ಓದಿನಲ್ಲಿ ದಂಡಯಾತ್ರೆಯೇ ಇಲ್ಲ. ಮಯೂರಶರ್ಮ ಕೆರೆ ಕಟ್ಟಿಸಿದ ಅನ್ನುವುದಕ್ಕೆ ಮಾತ್ರ ಯಾರ ತಕರಾರೂ ಇಲ್ಲ.

ಹಾಗಾದರೆ ನನ್ನ ಕಾಲಮ್ಮಿನಲ್ಲಿ ಏನಿರಬೇಕು? ಅಳಿಸೋದಾ? ಬೇಡ ಅಂದರು. ಪಠ್ಯಗಳನ್ನು ಕಂಪ್ಯೂಟರಿಗೆ ಗುರುತು ಹಾಕಿ ಕೊಡುವ ಟಿಇಐ ಎಂಬ ಪದ್ಧತಿಯಲ್ಲಿ ಒಂದೇ ಜಾಗಕ್ಕೆ ಎರಡು ಪಾಠ ಇಟ್ಟು, ಯಾವುದು ಯಾರದ್ದು ಅಂತ ಬರೆಯಬಹುದು. ಅಷ್ಟೆಲ್ಲ ಕಲಿಯಲು ನನಗೆ ಟೈಮ್ ಇರಲಿಲ್ಲ. ಎಕ್ಸೆಲ್ಲಿನಲ್ಲೇ ಹೊಸ ಕಾಲಂ ಸೇರಿಸಿದೆ: 'ಓದಿದವರು'. ಪಟ್ಟಿಯಲ್ಲಿ ಒಂದೇ ಬಂಡೆಗೆ ಎರಡು ಸಾಲು ಬಂದವು, ಒಂದೊಂದು ಓದಿಗೆ ಒಂದೊಂದು.

ಈಗ ದಾವಣಗೆರೆಯಲ್ಲಿ ಒಂದು ಸಣ್ಣ ಕಂಪನಿಯ ಲೆಕ್ಕಪಟ್ಟಿ ನೋಡಿಕೊಳ್ಳುತ್ತೇನೆ. ಯಾವ ಪಟ್ಟಿ ಬಂದರೂ ಮೊದಲು ಆ ಕಾಲಂ ಸೇರಿಸುತ್ತೇನೆ. "ಇದ್ಯಾಕೆ?" ಅಂತ ಮ್ಯಾನೇಜರ್ ಕೇಳುತ್ತಾರೆ. ಒಂದು ಭಾನುವಾರ ಚಂದ್ರವಳ್ಳಿಗೆ ಹೋಗೋಣ ಬನ್ನಿ ಸಾರ್, ಅಂದಿದ್ದೇನೆ.