ದುಂಡು ಮೊರದ ಬಾಗಿನ

"ಅಮ್ಮಾ, ಹೋದ ವರ್ಷ ಗೌರಮ್ಮ ನಮ್ಮನೆಗೆ ಯಾಕೆ ಬರ್ಲಿಲ್ಲ?"

ಅರಿಶಿನದ ಗೌರಿ ಮಾಡುತ್ತಿದ್ದ ಕೈ ಹಾಗೇ ನಿಂತಿತು. ಐದು ವರ್ಷದ ಮಗುವಿಗೆ ಅದೆಲ್ಲ ನೆನಪಿರುತ್ತೆ ಅಂದುಕೊಂಡಿರಲಿಲ್ಲ.

"ಬಂದಿದ್ಳು ಪುಟ್ಟಿ. ಮನೆಗೆ ಬೀಗ ಇತ್ತಲ್ಲ, ಆಸ್ಪತ್ರೆಗೇ ಬಂದ್ಳು" ಅಂದೆ. ಅಷ್ಟು ಸಾಕಾಯಿತು ಅವಳಿಗೆ. ಹಿತ್ತಲಿಗೆ ಆಡಲು ಓಡಿದಳು.

2024ರ ಸೆಪ್ಟೆಂಬರ್ 6, ಶುಕ್ರವಾರ. ಮೆಲ್ಬರ್ನ್‌ನಲ್ಲಿ ಇನ್ನೂ ಚಳಿ ಬಿಟ್ಟಿರಲಿಲ್ಲ. ಬಾಳೆ ಎಲೆ ಹಿಂದಿನ ದಿನವೇ ಸ್ಪ್ರಿಂಗ್‌ವೇಲ್ ಮಾರ್ಕೆಟ್‌ನಿಂದ ತಂದಿದ್ದೆ. ಬಳೆ ಬಿಚ್ಚೋಲೆ, ಕರಿಮಣಿ, ರವಿಕೆ ಕಣ ಎಲ್ಲ ಅಮ್ಮ ಕಳಿಸಿದ್ದು. ಹದಿನಾರು ಗಂಟಿನ ದಾರವೂ ರೆಡಿ. ಮೊರ ಮಾತ್ರ ಇಲ್ಲ. ಸ್ಟೀಲ್ ತಟ್ಟೆಯಲ್ಲೇ ಬಾಗಿನ ಜೋಡಿಸಿ ನೋಡಿದೆ, ಮನಸ್ಸು ಒಪ್ಪಲಿಲ್ಲ. ತಿಪಟೂರಿನ ನಮ್ಮನೆಯಲ್ಲಿ ಹಬ್ಬಕ್ಕೆ ಎರಡು ದಿನ ಮೊದಲೇ ಮೊರಗಳಿಗೆ ಅರಿಶಿನ ಬಳಿದು ಜಗಲಿಯ ಮೇಲೆ ಸಾಲಾಗಿ ಒಣಗಿಸುತ್ತಿದ್ದರು. ಆ ಬಿದಿರಿನ ವಾಸನೆ ಇಲ್ಲದೆ ಗೌರಿ ಹಬ್ಬ ಹೇಗೆ ಆಗುತ್ತೆ?

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ವಿಯೆಟ್ನಾಂ ಅಜ್ಜಿ. ಮಗಳು ಬೇಲಿಯ ಹತ್ತಿರ ನಿಂತು ಕೈಸನ್ನೆಯಲ್ಲಿ ಅದೇನು ಹೇಳಿದ್ದಳೋ, ಮೂಲಂಗಿ ಒಣಗಿಸುವ ಬಿದಿರಿನ ಮೊರ ಎರಡು ತಂದಿದ್ದರು. ನಮ್ಮ ಮೊರದ ಹಾಗಲ್ಲ, ಪೂರ್ತಿ ದುಂಡಗೆ. ಒಂದರ ಅಂಚು ಬಿಟ್ಟುಕೊಂಡ ಕಡೆ ನೀಲಿ ನೈಲಾನ್ ದಾರದಲ್ಲಿ ಹೊಲಿದಿದ್ದರು. ತೊಳೆದು ತಂದಿದ್ದರು, ಇನ್ನೂ ಪಸೆ ಇತ್ತು.

ಹೋದ ವರ್ಷ ಮಗಳಿಗೆ ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಾಗ, ನಮ್ಮ ಬಾಗಿಲ ಮುಂದೆ ದಿನಾ ಶುಂಠಿ ಹಾಕಿದ ಗಂಜಿಯ ಪಾತ್ರೆ ಇಟ್ಟು ಹೋಗುತ್ತಿದ್ದವರು ಇವರೇ. ನಾವು ತಿನ್ನಲ್ಲ ಅಂತ ಮಾಂಸ ಹಾಕದೆ ಬೇರೆಯಾಗಿ ಮಾಡುತ್ತಿದ್ದರು.

ಪೂಜೆಗೆ ಕೂತೆ. ಪ್ರತಿ ವರ್ಷ ಅದು ಕೊಡು ಇದು ಕೊಡು ಅಂತ ಗೌರಿಯನ್ನು ಕೇಳುತ್ತಿದ್ದವಳಿಗೆ ಈ ಸಲ ಕೇಳಲು ಏನೂ ಇರಲಿಲ್ಲ. ಮಗಳು ಪಕ್ಕದಲ್ಲೇ ಗಂಟೆ ಬಾರಿಸುತ್ತಿದ್ದಳು, ಜೋರಾಗಿ, ಉಸಿರು ಕಟ್ಟದೆ. ತಾಯಿ, ಇವಳನ್ನು ಉಳಿಸಿಕೊಟ್ಟೆಯಲ್ಲ ಅಂತ ಅಷ್ಟೇ ಅಂದೆ. ಆಮೇಲೆ ಮಂತ್ರ ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಅಮ್ಮನಿಗೆ ವಿಡಿಯೋ ಕಾಲ್. ಅಲ್ಲಿ ಬೆಳಿಗ್ಗೆ ಎಂಟೂವರೆ. ದುಂಡು ಮೊರ ತೋರಿಸಿದೆ. "ದುಂಡಗಿದ್ರೆ ಏನಾಯ್ತು, ಅರಿಶಿನ ಹಚ್ಚಿದ್ಯಲ್ಲ. ಆ ಅಜ್ಜಿಗೇ ಕೊಡು ಮೊದಲ ಬಾಗಿನ" ಅಂದಳು.

ಮಗಳು ಫೋನ್ ಕಿತ್ತುಕೊಂಡಳು. "ಅಜ್ಜಿ, ಹೋದ ವರ್ಷ ಗೌರಮ್ಮ ಆಸ್ಪತ್ರೆಗೆ ಬಂದಿದ್ಳಂತೆ!"

ನನ್ನ ಎದೆ ಧಸಕ್ಕಂತು. ಅವತ್ತು ಮಗಳ ಮಂಚದ ಪಕ್ಕ ಕೂತೇ ಅಮ್ಮನಿಗೆ ಫೋನ್ ಮಾಡಿದ್ದೆ. ಹಬ್ಬ ಚೆನ್ನಾಗಾಯ್ತಮ್ಮ, ಹೋಳಿಗೆನೂ ಮಾಡಿದೆ ಅಂದಿದ್ದೆ. ಒಬ್ಬಳೇ ಇರುವವಳು, ಅಷ್ಟು ದೂರ ಕೂತು ಕೊರಗಬಾರದು ಅಂತ. ಆಮೇಲೆ ನಿಜ ಹೇಳಲು ಬಾಯೇ ಬರಲಿಲ್ಲ.

"ಗೊತ್ತಿತ್ತು ಬಿಡು" ಅಂದಳು ಅಮ್ಮ. "ನೀನು ಹೋಳಿಗೆ ಅಂತಿದ್ದೆ, ಹಿಂದೆ ಮಿಷನ್ನು ಟಿಂಗ್ ಟಿಂಗ್ ಅಂತಿತ್ತು. ನಿಮ್ಮಪ್ಪನ ಜೊತೆ ಇದ್ದಾಗ ಕೇಳಿದ ಶಬ್ದ, ಮರೆಯುತ್ತಾ? ಅವತ್ತಿಂದ ಶುಕ್ರವಾರ ಒಪ್ಪೊತ್ತು ಹಿಡಿದೆ. ಇವತ್ತು ಮುಗಿಸ್ತೀನಿ."

ಒಂದು ವರ್ಷದ ಶುಕ್ರವಾರಗಳು. ಪ್ರತಿ ವಾರ ನಾನು "ರಾತ್ರಿ ಊಟ ಆಯ್ತಾಮ್ಮ" ಅಂತ ಕೇಳಿದಾಗ, "ಆಯ್ತು ಕಣೇ, ಈಗ ತಾನೇ" ಅನ್ನುತ್ತಿದ್ದಳು.