ಅಂಡರ್ ಮೊದಲು, ಬೆಂಚು ಆಮೇಲೆ

ಡಿಸೆಂಬರ್ ತಿಂಗಳು. ಕಲಬುರಗಿಯಿಂದ ಸೇಡಂ ಕಡೆ ಹೋಗುವ ಬಸ್ಸು. ರಸ್ತೆಯ ಎರಡೂ ಬದಿ ತೊಗರಿ ಒಣಗಿ ನಿಂತಿತ್ತು. ನನ್ನ ಒಂದು ಕೈಯಲ್ಲಿ ಸುತ್ತಿದ ರೋಲ್‌ಅಪ್ ಬೋರ್ಡು, ಇನ್ನೊಂದು ಕೈಯಲ್ಲಿ ಸೀರೆ ನೆರಿಗೆ. ಬ್ಯಾಗಿನಲ್ಲಿ 12 ಫ್ಲ್ಯಾಶ್ ಕಾರ್ಡು, ರಾತ್ರಿ ಒಂದು ಗಂಟೆವರೆಗೆ ಕೂತು ಬರೆದ ಪಾಠ ಯೋಜನೆ. ಬಿ.ಎಡ್. ಎರಡನೇ ವರ್ಷ, ಇಂಗ್ಲಿಷ್ ಮೆಥಡ್, ಅಂದರೆ ಇಂಗ್ಲಿಷ್ ಕಲಿಸುವ ವಿಧಾನ. ಅವತ್ತು ನನ್ನ ಪಾಠ ನೋಡಲು ಕಾಲೇಜಿನಿಂದ ಹಿರಿಯರೊಬ್ಬರು ಬರುವವರಿದ್ದರು.

2015ರಿಂದ ಬಿ.ಎಡ್. 2 ವರ್ಷದ ಕೋರ್ಸು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು. ಅದಕ್ಕೂ ಮೊದಲು ಕಾಲೇಜಿನಲ್ಲಿ ಮೈಕ್ರೋ ಟೀಚಿಂಗ್ ಇರುತ್ತದೆ. ಆರೇಳು ನಿಮಿಷದ ಪಾಠ, ಒಂದೇ ಕೌಶಲ. ಒಂದು ದಿನ ಪ್ರಶ್ನೆ ಕೇಳುವುದು, ಇನ್ನೊಂದು ದಿನ ಬೋರ್ಡ್ ಮೇಲೆ ಬರೆಯುವುದು. ಎದುರಿಗೆ ಕೂತವರು ನಮ್ಮ ಗೆಳತಿಯರೇ. ಎಂಟನೇ ಕ್ಲಾಸಿನ ಮಕ್ಕಳ ಹಾಗೆ ಕೈ ಎತ್ತಿ ಸರಿ ಉತ್ತರ ಹೇಳುತ್ತಾರೆ. ಅಲ್ಲಿ ಪಾಠ ಕೆಡುವುದೇ ಇಲ್ಲ.

ಎಂಟನೇ ಕ್ಲಾಸಿಗೆ ಹೋದೆ. ಅರ್ಧ ಬೆಂಚು ಖಾಲಿ. ರಾಶಿ ಕಾಲ, ಮಕ್ಕಳು ಹೊಲಕ್ಕೆ ಹೋಗಿದ್ದರು. ಇದ್ದವರು 23 ಮಂದಿ. ಇನ್, ಆನ್, ಅಂಡರ್ ಕಲಿಸಬೇಕಿತ್ತು. ಪೂರ್ತಿ ಇಂಗ್ಲಿಷ್‌ನಲ್ಲೇ ಪಾಠ ಮಾಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಹಾಗೇ ಶುರು ಮಾಡಿದೆ. ಮೇಜಿನ ಕೆಳಗೆ ಪುಸ್ತಕ ಇರುವ ಚಿತ್ರ ಎತ್ತಿ ಹಿಡಿದು, 'ವೇರ್ ಈಸ್ ದ ಬುಕ್?' ಅಂತ ಕೇಳಿದೆ.

'ಎಸ್ ಮೇಡಂ' ಅಂತ ಇಡೀ ಕ್ಲಾಸು ಒಟ್ಟಿಗೆ ಕೂಗಿತು.

ಇನ್ನೊಮ್ಮೆ, ನಿಧಾನವಾಗಿ ಕೇಳಿದೆ. ಮತ್ತೆ 'ಎಸ್ ಮೇಡಂ'. ಅಂಡರ್ ಸ್ಪೆಲ್ಲಿಂಗ್ ಕೇಳಿದರೆ ಮಾತ್ರ ಹತ್ತು ಕೈ ಮೇಲೆ. 'ಯು, ಎನ್, ಡಿ, ಇ, ಆರ್' ಅಂತ ತಪ್ಪಿಲ್ಲದೆ ಹೇಳಿದರು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಓದಿದ ಮಕ್ಕಳು. ಶಬ್ದ ಇದೆ, ಅಕ್ಷರ ಇದೆ. ಆದರೆ ಆ ಶಬ್ದ ಎದುರಿಗಿರುವ ಪುಸ್ತಕಕ್ಕೆ ಅಂಟಿಕೊಂಡೇ ಇಲ್ಲ. ಎರಡನೇ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಬಾಯಿ ಕೂಡ ತೆರೆಯಲಿಲ್ಲ. ಎಬ್ಬಿಸಿ ನಿಲ್ಲಿಸಿದೆ. ಸೆರಗಿನ ಹಾಗೆ ವೇಲ್ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾ ನಿಂತಳು. ಪಕ್ಕದವಳು ಹೇಳಿದಳು, 'ಆಕಿ ತಾಂಡಾದಾಕಿ ಅದಾಳ್ರೀ ಮೇಡಂ.'

ತಾಂಡಾ ಅಂದರೆ ಲಂಬಾಣಿ ಜನರ ವಸತಿ. ಆ ಮಾತು ಮನಸ್ಸಿನಲ್ಲೇ ಉಳಿಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕನ್ನಡ ಪ್ರಥಮ ಭಾಷೆ, 125 ಅಂಕ. ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ, ತಲಾ 100. ಆದರೆ ಈ ಹುಡುಗಿಗೆ ಮನೆಯಲ್ಲಿ ಲಂಬಾಣಿ. ಕನ್ನಡವೇ ಅವಳಿಗೆ ಎರಡನೆಯದು. ಇಂಗ್ಲಿಷ್ ಮೂರನೆಯದು, ಹಿಂದಿ ನಾಲ್ಕನೆಯದು. ಅಂಕಪಟ್ಟಿಯ ಲೆಕ್ಕ ಅವಳ ಮನೆಯ ಲೆಕ್ಕವಲ್ಲ.

ನಮ್ಮ ಅಜ್ಜನ ನೆನಪಾಯಿತು. ಅವರು ನಿಜಾಮರ ಕಾಲದಲ್ಲಿ ಸಾಲಿ ಕಲಿತವರು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಎಲ್ಲವೂ ಉರ್ದು. 'ಮಾಸ್ತರ್ ಏನ್ ಹೇಳ್ತಾರಂತ ಒಂದು ವರ್ಷ ತಿಳೀಲಿಲ್ಲವ್ವ, ಸುಮ್ನೆ ಗೋಣು ಹಾಕ್ತಿದ್ದೆ' ಅಂತ ಹೇಳುತ್ತಿದ್ದರು. ಈ ಮಕ್ಕಳ 'ಎಸ್ ಮೇಡಂ' ಕೂಡ ಅದೇ ಗೋಣು ಹಾಕುವುದು, ಅಲ್ವಾ?

ಹಿರಿಯರು ಮಧ್ಯಾಹ್ನದ ಪಾಠಕ್ಕೆ ಬರುತ್ತಾರೆ ಅಂತ ಸುದ್ದಿ ಬಂತು. ಅದೇ ಕ್ಲಾಸು, ಅದೇ ಪಾಠದ ಮುಂದಿನ ಭಾಗ.

ಬಿಸಿಯೂಟದ ಹೊತ್ತಿಗೆ ನಾನು ಸ್ಟಾಫ್ ರೂಮಿಗೆ ಹೋಗಲಿಲ್ಲ. ವರಾಂಡದ ಶಹಾಬಾದ್ ಕಲ್ಲಿನ ಮೇಲೆ ಆ ಹುಡುಗಿಯ ಹತ್ತಿರ ಕೂತೆ. ಕ್ಲಾಸಿನಲ್ಲಿ ಮಾತೇ ಬಾರದವಳು ಗೆಳತಿಯರ ಜೊತೆ ಪಟಪಟ ಲಂಬಾಣಿ ಮಾತಾಡುತ್ತಿದ್ದಳು. 'ನನಗೂ ಒಂದಿಷ್ಟು ಕಲಿಸ್ತೀಯಾ?' ಅಂದೆ. ಮೊದಲು ನಾಚಿದಳು. ಆಮೇಲೆ ಮನೆಯಿಂದ ಕಟ್ಟಿಕೊಂಡು ಬಂದ ಜೋಳದ ರೊಟ್ಟಿ ಮುರಿದು ಎತ್ತಿ ಹಿಡಿದಳು.

'ಬಾಟಿ.'

ನಾನೂ ಹೇಳಿದೆ. ಲೋಟ ಎತ್ತಿದಳು. 'ಪಾಣಿ.' ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ. ತಲೆ ಅಲ್ಲಾಡಿಸಿ ಮತ್ತೆ ಹೇಳಿದಳು, ಮತ್ತೆ ಲೋಟ ಎತ್ತಿದಳು. ಮೂರನೇ ಸಲ ಸರಿ ಬಂತು. ನಕ್ಕಳು. ಅದರ ಅರ್ಥ ಕನ್ನಡದಲ್ಲಿ ಏನು ಅಂತ ಒಮ್ಮೆಯೂ ಹೇಳಲಿಲ್ಲ. ವಸ್ತು ಕೈಯಲ್ಲಿತ್ತು, ಹೇಳುವ ಅಗತ್ಯವೇ ಇರಲಿಲ್ಲ. ನನಗೆ ಬರುವವರೆಗೆ ಕಾದಳು. ಗದರಲಿಲ್ಲ. ಮುಂದಿನ ಶಬ್ದಕ್ಕೆ ಓಡಲಿಲ್ಲ. ನಾನು ಎರಡು ವರ್ಷದಿಂದ ನೋಟ್ಸ್ ಮಾಡಿಕೊಂಡು ಓದುತ್ತಿದ್ದ ಪಾಠವನ್ನು ಅವಳು ಊಟ ಮಾಡುತ್ತಾ ಮಾಡಿ ತೋರಿಸಿದಳು.

ಮಧ್ಯಾಹ್ನ ಫ್ಲ್ಯಾಶ್ ಕಾರ್ಡು ಬ್ಯಾಗಿನಿಂದ ತೆಗೆಯಲೇ ಇಲ್ಲ. ಊಟದ ಡಬ್ಬಿ ತಂದೆ. ಹಿಂದಿನ ಬೆಂಚಿನಲ್ಲಿ ಹಿರಿಯರು ಅಬ್ಸರ್ವೇಶನ್ ಬುಕ್ ತೆರೆದು ಕೂತಿದ್ದರು. ಡಬ್ಬಿ ಬೆಂಚಿನ ಮೇಲಿಟ್ಟೆ, 'ಆನ್ ದ ಬೆಂಚ್.' ಕೆಳಗಿಟ್ಟೆ, 'ಅಂಡರ್ ದ ಬೆಂಚ್.' ಡಬ್ಬಿಯೊಳಗೆ ಸೀಮೆಸುಣ್ಣ ಹಾಕಿದೆ, 'ಇನ್ ದ ಬಾಕ್ಸ್.' ಮಕ್ಕಳು ಎದ್ದು ಬಂದು ತಾವೇ ಇಟ್ಟು ಹೇಳತೊಡಗಿದರು. ಮೊದಮೊದಲು ತಪ್ಪು ಬಂತು. 'ಬೆಂಚ್ ಅಂಡರ್' ಅಂದ ಒಬ್ಬ. ಇನ್ನೊಬ್ಬಳೂ ಅದನ್ನೇ ಅಂದಳು. ಮೂರನೆಯವನೂ ಅದೇ.

ಮೂವರೂ ಒಂದೇ ತಪ್ಪು ಮಾಡಿದರೆ ಅದಕ್ಕೆ ಕಾರಣ ಇರಲೇಬೇಕು. ಆಗ ನಾನು ಕನ್ನಡಕ್ಕೆ ಬಂದೆ. 'ನಮ್ಮ ಮಾತಿನಾಗ ಹ್ಯಾಂಗ ಹೇಳ್ತೀರಿ?' ಅಂತ ಕೇಳಿದೆ. 'ಬೆಂಚಿನ ಕೆಳಗ' ಅಂದರು. ಉರ್ದು ಮನೆಯ ಹುಡುಗನೊಬ್ಬ 'ಬೆಂಚ್ ಕೆ ನೀಚೆ' ಅಂದ. ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಅವುಗಳ ಕೆಳಗೆ 'ಅಂಡರ್ ದ ಬೆಂಚ್' ಬರೆದು ಸುಮ್ಮನೆ ನಿಂತೆ. ಕ್ಲಾಸು ಸ್ವಲ್ಪ ಹೊತ್ತು ನಿಶ್ಶಬ್ದ. ಕಿಟಕಿ ಪಕ್ಕದ ಹುಡುಗ ಒಮ್ಮೆಲೇ ಎದ್ದು ನಿಂತ.

'ಮೇಡಂ, ಇಂಗ್ಲಿಷ್‌ನಾಗ ಕೆಳಗ ಅನ್ನೋದು ಮೊದಲ ಬರ್ತದ್ರಿ! ನಮ್ದು ಆಮ್ಯಾಲೆ ಬರ್ತದ.'

ವ್ಯಾಕರಣದ ಪುಸ್ತಕದಲ್ಲಿ ಪ್ರಿಪೊಸಿಷನ್ ಅಂತ ಇರುವುದು ಇದೇ. 'ಪ್ರಿ' ಅಂದರೆ ಮೊದಲು. ಆ ಹೆಸರು ಅವನಿಗೆ ಗೊತ್ತಿಲ್ಲ, ನಿಯಮ ಮಾತ್ರ ತಾನೇ ಹುಡುಕಿದ. ಆಮೇಲೆ ಯಾರೂ 'ಬೆಂಚ್ ಅಂಡರ್' ಅನ್ನಲಿಲ್ಲ. ಕೊನೆಗೆ ತಾಂಡಾದ ಹುಡುಗಿಯನ್ನು ಕರೆದೆ. ಅವಳು ಡಬ್ಬಿ ತೆಗೆದುಕೊಂಡು ನನ್ನ ಕುರ್ಚಿಯ ಕೆಳಗೆ ಇಟ್ಟಳು. 'ಅಂಡರ್ ದ ಚೇರ್' ಅಂದಳು. ದನಿ ಸಣ್ಣದು, ಆದರೆ ಹಿಂದಿನ ಬೆಂಚಿನವರೆಗೂ ಕೇಳಿಸಿತು. ಚೇರ್ ಅಂತ ನಾನು ಆ ದಿನ ಒಮ್ಮೆಯೂ ಹೇಳಿರಲಿಲ್ಲ.

ಅಬ್ಸರ್ವೇಶನ್ ಬುಕ್‌ನಲ್ಲಿ ಹಿರಿಯರು ಬರೆದದ್ದು: ಬೋಧನೋಪಕರಣ ಚೆನ್ನಾಗಿದೆ, ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಿದ್ದೀರಿ. ನನಗೆ ಬೇಜಾರಾಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳ ಬಹುಭಾಷೆಯನ್ನು ತರಗತಿಯ ಸಂಪನ್ಮೂಲ ಅನ್ನುತ್ತದೆ. ಪರೀಕ್ಷೆಗೆ ನಾವೇ ಓದಿದ್ದು. ಅವರ ಹತ್ತಿರ ಹೋಗಿ ಇದನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. 'ಈ ಊರಾಗ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳೋದು ದಿನಕ್ಕ 40 ನಿಮಿಷ ಅಷ್ಟೇ. ಅದರಾಗೂ ನೀವು ಕನ್ನಡ ಮಾತಾಡಿದ್ರ ಎಲ್ಲಿ ಕೇಳ್ಬೇಕವು?' ಅಂದರು. ಈ ಮಾತು ನಿಜ. ಬರೀ ಕನ್ನಡದಲ್ಲಿ ಅರ್ಥ ಹೇಳುತ್ತಾ ಹೋದರೆ ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳುವುದನ್ನೇ ಬಿಡುತ್ತಾರೆ. ಆದರೆ ಅವತ್ತು ಬಳಸಿದ್ದು ಎರಡು ಮೂರು ನಿಮಿಷದ ಕನ್ನಡ. ಅದರಿಂದಲೇ ಉಳಿದ ಅರ್ಧ ಗಂಟೆ ಮಕ್ಕಳು ಇಂಗ್ಲಿಷ್ ಮಾತಾಡಿದರು. ನಾನು ಈಗಲೂ ಅದು ಸರಿ ಅಂತಲೇ ನಂಬುತ್ತೇನೆ.

ವಾಪಸ್ ಬರುವ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬರಿಗೆ ಕನ್ನಡದಲ್ಲಿ, ಒಬ್ಬರಿಗೆ ಉರ್ದುವಿನಲ್ಲಿ, ಹಿಂದೆ ಕೂತ ಅಜ್ಜಿಗೆ ತೆಲುಗಿನಲ್ಲಿ ಟಿಕೆಟ್ ಕೊಡುತ್ತಾ ಬಂದರು. ನಮ್ಮ ಕಡೆ ಇದು ಯಾರಿಗೂ ದೊಡ್ಡ ವಿಷಯ ಅಲ್ಲ. ಇಂಥ ಊರಿನ ಮಕ್ಕಳಿಗೆ ಭಾಷೆ ಬರುವುದಿಲ್ಲ ಅಂತ ಹೇಗೆ ಹೇಳುವುದು?

ರಾತ್ರಿ ಮರುದಿನದ ಪಾಠ ಯೋಜನೆ ಬರೆಯಲು ಕೂತೆ. ಸ್ಕೇಲ್ ಇಟ್ಟು ಪುಟದ ಬಲಗಡೆ ಮೂರು ಹೊಸ ಗೆರೆ ಎಳೆದೆ. ಮೇಲೆ ಕನ್ನಡ, ಉರ್ದು, ಲಂಬಾಣಿ ಅಂತ ಬರೆದೆ. 'ಬಿಹೈಂಡ್' ಎದುರಿಗೆ 'ಹಿಂದೆ', 'ಪೀಛೆ' ತುಂಬಿದೆ. ಲಂಬಾಣಿಯ ಜಾಗ ಖಾಲಿ ಬಿಟ್ಟೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವಳನ್ನು ಕೇಳಬೇಕು.